ಮುರಿದ ಎಲುಬು, ಮೊಟಕಾದ ಉಸಿರು

ತಾಂಡೂರಿನ ಗಣಿಗಳಿಂದ ಬರುವ ನೀಲಿಬೂದು ಬಣ್ಣದ ಪರ್ಸಿಕಲ್ಲು ಎರಡಡಿ ಉದ್ದ, ಎರಡಡಿ ಅಗಲ, ಒಂದಂಗುಲ ದಪ್ಪ ಇದ್ದರೆ ಸುಮಾರು 25 ಕಿಲೊ ತೂಗುತ್ತದೆ. ಉದ್ದ ನಾಲ್ಕಡಿಯಾದರೆ ತೂಕ 50 ಕಿಲೊ ಆಗುತ್ತದೆ. ಅದನ್ನು ಲಾರಿಗೆ ಏರಿಸುವ ಕೂಲಿಯವರು ಎದೆಗೆ ಆನಿಸಿಕೊಂಡೇ ಎತ್ತುವುದರಿಂದ, ಕೈ ಜಾರಿದರೆ ಪೆಟ್ಟು ಬೀಳುವುದು ಪಕ್ಕೆಗೆ. ಜಹೀರಾಬಾದಿನ ಕಬ್ಬಿನ ಹೊಲಗಳ ಕಡೆ ಟ್ರ್ಯಾಕ್ಟರ್ ಟ್ರ್ಯಾಲಿಯಿಂದ ಬೀಳುವವರಿದ್ದಾರೆ. ಊರಿನ ಪಕ್ಕದಲ್ಲೇ ಹಾದುಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿನ ಹ್ಯಾಂಡಲ್ ಎದೆಗೆ ಬಡಿಸಿಕೊಳ್ಳುವವರಿದ್ದಾರೆ. ನಾರಾಯಣಖೇಡದ ಸುತ್ತಿನ ಹಳ್ಳಿಗಳಲ್ಲಿ ಎತ್ತು ಹಾಯುತ್ತದೆ, ಬಂಡಿಯ ಮೂಕಿ ತಾಗುತ್ತದೆ. ವಯಸ್ಸಾದವರಿಗಂತೂ ಇಷ್ಟೆಲ್ಲ ಬೇಕಿಲ್ಲ. ಬಚ್ಚಲಿನ ಒದ್ದೆ ಪರ್ಸಿಯ ಮೇಲೆ ಒಮ್ಮೆ ಕಾಲು ಜಾರಿದರೆ ಸಾಕು. ಕಾರಣ ಏನೇ ಇರಲಿ, ಆಮೇಲೆ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಎಲುಬು ಮುರಿದಿದೆಯೋ, ಬರೀ ಒಳಪೆಟ್ಟೋ? ಮುರಿದಿದ್ದರೆ ಆಸ್ಪತ್ರೆ, ಇಲ್ಲದಿದ್ದರೆ ಅರಿಶಿನದ ಪಟ್ಟು, ಬಿಸಿ ಕಾವು, ಒಂದು ಬಿಗಿ ಕಟ್ಟು. ಪ್ರಶ್ನೆ ಸಹಜವಾದದ್ದೇ, ಆದರೆ ಪಕ್ಕೆಲುಬಿನ ಮಟ್ಟಿಗೆ ಅದು ತಪ್ಪು ಪ್ರಶ್ನೆ. ಪೆಟ್ಟು ತಿಂದವನು ಆಳವಾಗಿ ಉಸಿರೆಳೆದು ಗಟ್ಟಿಯಾಗಿ ಕೆಮ್ಮಬಲ್ಲನೇ ಎಂದು ಕೇಳಬೇಕು. ಚಿಕಿತ್ಸೆ, ಅಪಾಯ, ಆಸ್ಪತ್ರೆಯ ದಾರಿ ಮೂರೂ ಆ ಉತ್ತರವನ್ನೇ ಅವಲಂಬಿಸಿವೆ. ಹಾಗೆ ಹೇಳಲು ಇರುವ ಆಧಾರಗಳನ್ನು ಈ ಅಧ್ಯಾಯ ಒಂದೊಂದಾಗಿ ಪರಿಶೀಲಿಸುತ್ತದೆ.

ಮೊದಲು ಎದೆಗೂಡಿನ ರಚನೆಯನ್ನು ನೋಡೋಣ. ಮನುಷ್ಯನಿಗೆ 12 ಜೊತೆ ಪಕ್ಕೆಲುಬುಗಳಿವೆ. ಹಿಂದೆ ಎಲ್ಲವೂ ಬೆನ್ನುಮೂಳೆಗೆ ಅಂಟಿಕೊಂಡಿವೆ. ಮುಂದೆ ಮೇಲಿನ 7 ಜೊತೆ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಯೆಲುಬಿಗೆ ಸೇರುತ್ತವೆ, 8ರಿಂದ 10ರವರೆಗಿನವು ತಮ್ಮ ಮೇಲಿನದರ ಮೃದ್ವಸ್ಥಿಗೆ ಕೂಡಿಕೊಳ್ಳುತ್ತವೆ, ಕೊನೆಯ ಎರಡು ಜೊತೆಗಳ ತುದಿ ಹೊಟ್ಟೆಯ ಸ್ನಾಯುಗಳ ನಡುವೆ ಬಿಡಿಯಾಗಿ ಉಳಿಯುತ್ತದೆ. ಉಸಿರೆಳೆದಾಗ ಪಕ್ಕೆಲುಬು ಬಕೆಟ್ಟಿನ ಹಿಡಿಕೆಯಂತೆ ಹೊರಕ್ಕೂ ಮೇಲಕ್ಕೂ ಏಳುತ್ತದೆ, ಬಿಟ್ಟಾಗ ಇಳಿಯುತ್ತದೆ. ನಿಮಿಷಕ್ಕೆ 12ರಿಂದ 20 ಉಸಿರೆಂದರೆ ದಿನಕ್ಕೆ ಹೆಚ್ಚುಕಡಿಮೆ 20 ಸಾವಿರ ಬಾರಿ ಈ ಏರಿಳಿತ ನಡೆಯುತ್ತದೆ. ಮುರಿದ ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿ ಸುಮ್ಮನಿರಬಹುದು, ಪಕ್ಕೆಲುಬಿಗೆ ಆ ಸೌಲಭ್ಯವಿಲ್ಲ. ಮೇಲಾಗಿ ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ, ಒಂದು ಅಪಧಮನಿ, ಒಂದು ಅಭಿಧಮನಿ ಕೂಡಿಯೇ ಸಾಗುತ್ತವೆ. ಎಲುಬಿನ ಹೊರಪೊರೆಯಲ್ಲಿ ನೋವಿನ ನರತುದಿಗಳು ದಟ್ಟವಾಗಿವೆ. ಹಾಗಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಮಗ್ಗುಲು ಬದಲಿಸಿದಾಗ ಚಳಕು ಹೊಡೆಯುತ್ತದೆ.

ಈ ಚಳಕಿಗೆ ದೇಹ ಕೊಡುವ ಉತ್ತರವೇ ಮುಂದಿನ ತೊಂದರೆಗಳ ಮೂಲ. ಆಳವಾಗಿ ಎಳೆದರೆ ನೋಯುತ್ತದೆ, ಆದ್ದರಿಂದ ಮನುಷ್ಯ ಮೇಲುಮೇಲೆ ಉಸಿರಾಡುತ್ತಾನೆ. ಇದು ಯೋಚಿಸಿ ಮಾಡುವ ಕೆಲಸವಲ್ಲ, ನಿದ್ದೆಯಲ್ಲೂ ನಡೆಯುತ್ತದೆ. ನಮ್ಮ ಶ್ವಾಸಕೋಶಗಳಲ್ಲಿ 30ರಿಂದ 50 ಕೋಟಿ ಗಾಳಿಗೂಡುಗಳಿವೆ. ಅವುಗಳ ಒಳಮೈಯಲ್ಲಿ ತೆಳುವಾದ ದ್ರವವಿದ್ದು, ಆ ದ್ರವದ ಸೆಳೆತ ಗೂಡುಗಳನ್ನು ಮುಚ್ಚಿಸಲು ಸದಾ ಹವಣಿಸುತ್ತಿರುತ್ತದೆ. ಅದನ್ನು ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಸಾಬೂನಿನ ಗುಣದ ಪದಾರ್ಥ, ಮತ್ತು ಆರೋಗ್ಯವಂತರು ಸುಮಾರು 5 ನಿಮಿಷಕ್ಕೊಮ್ಮೆ ತಮಗೆ ಅರಿವಿಲ್ಲದೆಯೇ ಎಳೆಯುವ ನಿಟ್ಟುಸಿರು. ಆ ಒಂದು ದೊಡ್ಡ ಉಸಿರು ಮುಚ್ಚಿಹೋಗುತ್ತಿರುವ ಗೂಡುಗಳನ್ನು ಮತ್ತೆ ಬಿಡಿಸುತ್ತದೆ. ಪಕ್ಕೆ ನೋಯುವಾಗ ನಿಟ್ಟುಸಿರು ನಿಲ್ಲುತ್ತದೆ, ಗೂಡುಗಳು ತಳಭಾಗದಿಂದ ಒಂದೊಂದಾಗಿ ಮುಚ್ಚತೊಡಗುತ್ತವೆ. ಇನ್ನು ಕೆಮ್ಮನ್ನು ನೋವಿಗೆ ಹೆದರಿ ನುಂಗಿಕೊಂಡರೆ ಕಫ ಅಲ್ಲೇ ಉಳಿಯುತ್ತದೆ. ಗಾಳಿಯಾಡದ, ಕಫ ತುಂಬಿದ ಜಾಗದಲ್ಲಿ ಬ್ಯಾಕ್ಟೀರಿಯಾ ಬೆಳೆದು ನ್ಯುಮೋನಿಯಾ ಆಗುತ್ತದೆ. ಪೆಟ್ಟು ಬಿದ್ದ ದಿನ ಎದ್ದು ಓಡಾಡಿದವರು ನಾಲ್ಕೈದು ದಿನಕ್ಕೆ ಜ್ವರ, ಏದುಸಿರು ಬಂದು ಮಲಗುವುದು ಹೀಗೆ. ಮನೆಯವರು ಅದನ್ನು ಬೇರೆಯೇ ಕಾಯಿಲೆ ಎಂದುಕೊಳ್ಳುತ್ತಾರೆ. ಅದು ಅದೇ ಪೆಟ್ಟಿನ ಎರಡನೇ ಕಂತು.

ಈ ಸರಪಳಿ ಬರೀ ತರ್ಕವಲ್ಲ, ಇದಕ್ಕೆ ಅಂಕಿಅಂಶದ ಬಲವಿದೆ. ಅಮೆರಿಕದ ಸಿಯಾಟಲ್ ನಗರದ ಹಾರ್ಬರ್‌ವ್ಯೂ ಆಸ್ಪತ್ರೆಯ ಶಸ್ತ್ರವೈದ್ಯೆ ಐಲೀನ್ ಬಲ್ಗರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಕ್ಕೆಲುಬು ಮುರಿದು ದಾಖಲಾದ 65 ಮೀರಿದ 277 ಮಂದಿಯನ್ನು ಅದಕ್ಕಿಂತ ಕಿರಿಯರಾದ 187 ಮಂದಿಯೊಂದಿಗೆ ಹೋಲಿಸಿದರು. ಹಿರಿಯರಲ್ಲಿ ನೂರಕ್ಕೆ 31 ಮಂದಿಗೆ ನ್ಯುಮೋನಿಯಾ ಬಂತು, ಕಿರಿಯರಲ್ಲಿ 17 ಮಂದಿಗೆ. ಸಾವು ಹಿರಿಯರಲ್ಲಿ ನೂರಕ್ಕೆ 22, ಕಿರಿಯರಲ್ಲಿ 10. ಹಿರಿಯರಲ್ಲಿ ಮುರಿದ ಎಲುಬುಗಳ ಸಂಖ್ಯೆ ಒಂದೊಂದು ಹೆಚ್ಚಿದಂತೆ ನ್ಯುಮೋನಿಯಾದ ಅಪಾಯ ಶೇ. 27ರಷ್ಟು, ಸಾವಿನ ಅಪಾಯ ಶೇ. 19ರಷ್ಟು ಏರುತ್ತಿತ್ತು. ಇಲ್ಲಿ ಒಂದು ಆಕ್ಷೇಪವನ್ನು ಎತ್ತಲೇಬೇಕು. ಇವರು ದೊಡ್ಡ ಅಪಘಾತ ಚಿಕಿತ್ಸಾ ಕೇಂದ್ರಕ್ಕೆ ಬಂದವರು, ಹಲವರಿಗೆ ತಲೆ, ಹೊಟ್ಟೆ, ಕಾಲುಗಳಿಗೂ ಗಾಯಗಳಾಗಿದ್ದವು. ಬಚ್ಚಲಲ್ಲಿ ಜಾರಿ ಒಂದು ಎಲುಬು ಮುರಿದುಕೊಂಡ ನಾರಾಯಣಖೇಡದ ಅಜ್ಜಿಗೆ ನೂರಕ್ಕೆ 22ರ ಲೆಕ್ಕವನ್ನು ಅಂಟಿಸುವುದು ಅನ್ಯಾಯ. ಆ ಅಂಕಿಯನ್ನು ಹಾಗೆ ಓದಕೂಡದು. ಆದರೆ ಎಲುಬುಗಳು ಹೆಚ್ಚಿದಂತೆ ಅಪಾಯ ಮೆಟ್ಟಿಲುಮೆಟ್ಟಿಲಾಗಿ ಏರುವುದು, ಒಂದೇ ಬಗೆಯ ಪೆಟ್ಟಿಗೆ ಹಿರಿಯರ ಶ್ವಾಸಕೋಶ ಮೊದಲು ಸೋಲುವುದು, ಈ ಎರಡು ಸಂಗತಿಗಳು ಊರಿಂದೂರಿಗೆ ಬದಲಾಗುವಂಥವಲ್ಲ.

ನೋವೇ ಕಾರಣ ಎನ್ನುವುದಕ್ಕೆ ಏನು ಸಾಕ್ಷಿ? ಎಲುಬು ಹೆಚ್ಚು ಮುರಿದವರಿಗೆ ಶ್ವಾಸಕೋಶವೂ ಹೆಚ್ಚು ಜಜ್ಜಿರಬಹುದಲ್ಲ ಎಂದು ಕೇಳಬಹುದು. ನಿಜ, ಜಜ್ಜುಗಾಯಕ್ಕೂ ಪಾತ್ರವಿದೆ. ಎರಡನ್ನೂ ಬಿಡಿಸಿ ನೋಡಬೇಕಾದರೆ ಗಾಯ ಒಂದೇ ತರಹದ್ದಾಗಿದ್ದು ನೋವುನಿವಾರಣೆ ಮಾತ್ರ ಬೇರೆಯಾಗಿರಬೇಕು. ಅದೇ ತಂಡ 2004ರಲ್ಲಿ ಅಂಥ ಪ್ರಯೋಗವನ್ನು ವರದಿ ಮಾಡಿತು. ಪಕ್ಕೆಲುಬು ಮುರಿದ 46 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, ಒಂದು ಗುಂಪಿಗೆ ರಕ್ತನಾಳದ ಮೂಲಕ ಅಫೀಮು ವರ್ಗದ ಔಷಧಿಯನ್ನೂ, ಇನ್ನೊಂದಕ್ಕೆ ಬೆನ್ನುಹುರಿಯ ಹೊರಪೊರೆಯ ಬಳಿ ಸಣ್ಣ ನಳಿಕೆ ಇಟ್ಟು ಎಪಿಡ್ಯೂರಲ್ ಅರಿವಳಿಕೆಯನ್ನೂ ಕೊಟ್ಟರು. ಎಪಿಡ್ಯೂರಲ್ ಎದೆಗೋಡೆಯ ನೋವನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ, ಉಸಿರಾಟವನ್ನು ಮಂಕಾಗಿಸುವುದು ಕಡಿಮೆ. ಮೊದಲ ಗುಂಪಿನಲ್ಲಿ ಶೇ. 38 ಮಂದಿಗೆ ನ್ಯುಮೋನಿಯಾ ಬಂದರೆ ಎರಡನೆಯದರಲ್ಲಿ ಶೇ. 18. ನಾಲ್ಕು ಡಜನ್ನಿಗೂ ಕಡಿಮೆ ಜನರ ಪ್ರಯೋಗ ಎಂಬುದನ್ನು ಮರೆಯದೆಯೂ ಒಂದು ಮಾತು ಹೇಳಬಹುದು: ಮುರಿದ ಎಲುಬನ್ನು ಯಾರೂ ಮುಟ್ಟಲಿಲ್ಲ, ಜೋಡಿಸಲಿಲ್ಲ, ನೋವನ್ನು ತಡೆದ ಬಗೆ ಬದಲಾಯಿತು, ಶ್ವಾಸಕೋಶದ ಗತಿಯೂ ಬದಲಾಯಿತು. ಪಕ್ಕೆಲುಬಿನ ಪೆಟ್ಟಿನಲ್ಲಿ ನೋವು ಕಡಿಮೆ ಮಾಡುವುದೇ ಚಿಕಿತ್ಸೆಯ ತಿರುಳು.

ವೈದ್ಯಲೋಕ ಈ ತೀರ್ಮಾನಕ್ಕೆ ಬಂದದ್ದು ತಡವಾಗಿ. ಸುಮಾರು 3,600 ವರ್ಷ ಹಿಂದಿನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಎದೆಗೂಡಿನ ಉಳುಕಿಗೆ ಕಟ್ಟು ಮತ್ತು ಜೇನು ಹೇಳುತ್ತದೆ. ಸುಶ್ರುತ ಸಂಹಿತೆಯಲ್ಲಿ ಮೂಳೆಮುರಿತದ ಚಿಕಿತ್ಸೆ ಹೇಳುವ ಅಧ್ಯಾಯವು ಪಕ್ಕೆಲುಬಿಗೂ ತುಪ್ಪ ಸವರಿ ಕಟ್ಟು ಕಟ್ಟುವ ಕ್ರಮವನ್ನು ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಪಾಶ್ಚಾತ್ಯ ವೈದ್ಯರು ಅಂಟುಪಟ್ಟಿಯಿಂದ ಎದೆಯನ್ನು ಬಿಗಿಯುತ್ತಿದ್ದರು. ಬಳಿಕ ದಿಕ್ಕು ಬದಲಾಯಿತು. ಹಲವು ಪಕ್ಕೆಲುಬುಗಳು ಎರಡೆರಡು ಕಡೆ ಮುರಿದು ಎದೆಗೋಡೆಯ ಒಂದು ತುಂಡೇ ಸಡಿಲಗೊಂಡವರಿಗೆ ಯಂತ್ರದಿಂದ ಒಳಗಿನಿಂದಲೇ ಗಾಳಿಯ ಆಸರೆ ಕೊಡಬೇಕೆಂದು 1956ರಲ್ಲಿ ಆವರಿ ಮತ್ತು ಸಂಗಡಿಗರು ವಾದಿಸಿದರು. ಸುಮಾರು 20 ವರ್ಷ ಅದೇ ರೂಢಿಯಾಯಿತು. 1975ರಲ್ಲಿ ಟೆಕ್ಸಾಸಿನ ಟ್ರಿಂಕಲ್ ತಂಡ, ಎಲ್ಲರಿಗೂ ಯಂತ್ರ ಹಾಕುವುದಕ್ಕಿಂತ ನೋವನ್ನು ಹತೋಟಿಗೆ ತಂದು, ಕಫ ತೆಗೆದು, ಜಜ್ಜಿದ ಶ್ವಾಸಕೋಶವನ್ನು ನೋಡಿಕೊಂಡವರಲ್ಲಿ ಫಲಿತಾಂಶ ಚೆನ್ನಾಗಿತ್ತೆಂದು ತೋರಿಸಿತು. ಹೊರಗಿನ ಕಟ್ಟಿನಿಂದ ಒಳಗಿನ ಯಂತ್ರಕ್ಕೆ, ಅಲ್ಲಿಂದ ನೋವುನಿವಾರಣೆಗೆ ಸಾಗಿದ ಈ ಹಾದಿಯಲ್ಲಿ ಗಮನ ಎಲುಬಿನಿಂದ ಉಸಿರಿನ ಕಡೆಗೆ ಸರಿದದ್ದು ಕಾಣುತ್ತದೆ.

ಕರ್ನಾಟಕ-ತೆಲಂಗಾಣದ ಈ ಗಡಿಸೀಮೆಯಲ್ಲಿ ಕಟ್ಟಿನ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಆಂಧ್ರದ ಪುತ್ತೂರಿನ ಮೂಳೆಕಟ್ಟು ದಕ್ಷಿಣ ಭಾರತದುದ್ದಕ್ಕೂ ಹೆಸರಾಗಿದೆ, ಅದೇ ಹೆಸರಿನ ಬೋರ್ಡುಗಳು ಹೈದರಾಬಾದಿನ ಗಲ್ಲಿಗಳಲ್ಲೂ ಇವೆ. ಔಷಧದ ಅಂಗಡಿಗಳಲ್ಲಿ ಪಕ್ಕೆಗೆ ಸುತ್ತುವ ಎಲಾಸ್ಟಿಕ್ ಬೆಲ್ಟು ಸಿಗುತ್ತದೆ. ಕಟ್ಟಿದ ಕೂಡಲೆ ಹಾಯೆನಿಸುತ್ತದೆ ಎಂಬ ಅನುಭವವನ್ನು ಸುಳ್ಳೆನ್ನಲಾಗದು. ಎಲುಬಿನ ತುದಿಗಳ ಅಲುಗಾಟ ಕಡಿಮೆಯಾದರೆ ನೋವೂ ತಗ್ಗುತ್ತದೆ. ಆದರೆ ಎದೆ ಹಿಗ್ಗುವುದನ್ನು ತಡೆದೇ ಆ ನೆಮ್ಮದಿ ದೊರೆಯುತ್ತದೆ. ನೋವು ಆಗಲೇ ಕಿರಿದು ಮಾಡಿದ್ದ ಉಸಿರನ್ನು ಕಟ್ಟು ಇನ್ನಷ್ಟು ಕಿರಿದು ಮಾಡುತ್ತದೆ. ಬೆಲ್ಟನ್ನು ಪರೀಕ್ಷಿಸಿದ ಅಧ್ಯಯನಗಳು ಕೆಲವೇ, ಸಣ್ಣವೇ. ಅವುಗಳಿಂದ ಬೆಲ್ಟಿಗೆ ಸ್ಪಷ್ಟ ಲಾಭ ಸಾಬೀತಾಗಿಲ್ಲ. ಹಾಗಾದರೆ ಕಟ್ಟದೆ ಎಲುಬು ಕೂಡುವುದು ಹೇಗೆ? ಕೈಕಾಲಿನ ಎಲುಬು ಅಲುಗಿದರೆ ಕೂಡುವುದಿಲ್ಲ ಎನ್ನುವವರು ಪಕ್ಕೆಲುಬಿಗೆ ಅಕ್ಕಪಕ್ಕದ ಎಲುಬುಗಳು, ಅವುಗಳ ನಡುವಿನ ಸ್ನಾಯುಗಳು ಎರಡೂ ಕಡೆಯಿಂದ ಆಸರೆ ಕೊಟ್ಟಿರುವುದನ್ನು ಮರೆಯುತ್ತಾರೆ. ದಿನಕ್ಕೆ 20 ಸಾವಿರ ಸಲ ಆಡುತ್ತಲೇ ಇದ್ದರೂ ಬಹುಪಾಲು ಪಕ್ಕೆಲುಬುಗಳು ಸುಮಾರು 6 ವಾರಗಳಲ್ಲಿ ಕೂಡಿಕೊಳ್ಳುತ್ತವೆ, ಕೂಡದೆ ಉಳಿಯುವುದು ಅಪರೂಪ. ಎಲುಬು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ, ಆ ಅವಧಿಯಲ್ಲಿ ಶ್ವಾಸಕೋಶವನ್ನು ಕಾಯುವುದಷ್ಟೇ ನಮ್ಮ ಪಾಲಿಗಿರುವ ಕೆಲಸ. ಕೆಮ್ಮುವ ಕ್ಷಣಕ್ಕೆ ಆಸರೆ ಬೇಕೆಂದರೆ ದಿಂಬನ್ನೋ ಮಡಚಿದ ಕೌದಿಯನ್ನೋ ಪಕ್ಕೆಗೆ ಒತ್ತಿ ಹಿಡಿದರೆ ಸಾಕು. ಕೆಮ್ಮು ಮುಗಿದ ಮೇಲೆ ಅದನ್ನು ತೆಗೆದಿಡಬಹುದು, ದಿನವಿಡೀ ಸುತ್ತಿದ ಕಟ್ಟಿನಲ್ಲಿ ಈ ಅನುಕೂಲವಿಲ್ಲ.

ಕಟ್ಟಿನಷ್ಟೇ ಗಟ್ಟಿಯಾದ ಇನ್ನೊಂದು ನಂಬಿಕೆ ಎಕ್ಸ್‌ರೇ ಮೇಲಿನದು. "ಫೋಟೊದಲ್ಲಿ ಏನೂ ಇಲ್ಲ ಅಂದರು, ಆದರೂ ನೋಯುತ್ತಿದೆ" ಎಂಬುದು ಎಲ್ಲ ಕಡೆ ಕೇಳಿಬರುವ ದೂರು. ಎದೆಯ ಸಾಮಾನ್ಯ ಎಕ್ಸ್‌ರೇ ಪಕ್ಕೆಲುಬಿನ ಮುರಿತಗಳಲ್ಲಿ ಅರ್ಧದಷ್ಟನ್ನು ತೋರಿಸದೆ ಹೋಗಬಹುದು. ಎಲುಬು ಬಾಗಿದೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ, ಸರಿಯದ ಬಿರುಕು ಕಾಣುವುದಿಲ್ಲ, ಮೃದ್ವಸ್ಥಿಯಂತೂ ಎಕ್ಸ್‌ರೇಯಲ್ಲಿ ಮೂಡುವುದೇ ಇಲ್ಲ. ಹಾಗಿದ್ದರೆ ಅದನ್ನು ಏಕೆ ತೆಗೆಯಬೇಕು? ವೈದ್ಯರು ಅದರಲ್ಲಿ ಮುಖ್ಯವಾಗಿ ಹುಡುಕುವುದು ಬೇರೆಯದನ್ನು: ಶ್ವಾಸಕೋಶದ ಸುತ್ತ ಗಾಳಿ ಸೋರಿದೆಯೇ, ರಕ್ತ ನಿಂತಿದೆಯೇ, ಶ್ವಾಸಕೋಶ ಜಜ್ಜಿದೆಯೇ. ಸಣ್ಣ ಪೆಟ್ಟಿಗೆ ಎದೆಯ ಒಂದು ನೇರ ಚಿತ್ರ ಸಾಕು, ಪಕ್ಕೆಲುಬಿಗೆಂದೇ ಬೇರೆ ಬೇರೆ ಕೋನದ ಚಿತ್ರಗಳಿಂದ ಚಿಕಿತ್ಸೆ ಬದಲಾಗುವುದು ಕಡಿಮೆ ಎಂದು ಅಮೆರಿಕದ ವಿಕಿರಣವೈದ್ಯರ ಸಂಘವೂ ಹೇಳುತ್ತದೆ. ಸಿಟಿ ಸ್ಕ್ಯಾನ್ ಹೆಚ್ಚು ಮುರಿತಗಳನ್ನು ಹಿಡಿಯುತ್ತದೆ. ಜೋರಾದ ಅಪಘಾತದಲ್ಲಿ, ಹಿರಿಯರಲ್ಲಿ, ಒಳಾಂಗಕ್ಕೆ ಗಾಯವಾಗಿರುವ ಶಂಕೆಯಲ್ಲಿ ಅದು ಬೇಕಾಗಬಹುದು. ಆದರೆ ಎದೆ ಒತ್ತಿದರೆ ಒಂದೇ ಬಿಂದುವಿನಲ್ಲಿ ನೋವು ಎನ್ನುವ, ಚೆನ್ನಾಗಿ ಉಸಿರಾಡುವ ಯುವಕನಿಗೆ ಎಲುಬು ಮುರಿದಿದೆಯೋ ಇಲ್ಲವೋ ತಿಳಿಯಲೆಂದೇ ಸ್ಕ್ಯಾನ್ ಮಾಡಿಸಿದರೆ ಹಣ ಹೋಗುತ್ತದೆ, ಚಿಕಿತ್ಸೆ ಬದಲಾಗುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದವನಿಗೂ ಅದೇ ನೋವುನಿವಾರಣೆ, ಅದೇ ಉಸಿರಿನ ಅಭ್ಯಾಸ ಬೇಕು.

ನೋವಿನ ಗುಳಿಗೆಯ ಬಗ್ಗೆ ಎರಡು ಭಯಗಳಿವೆ: ಕಿಡ್ನಿ ಹೋಗುತ್ತದೆ, ಇಲ್ಲವೇ ಚಟವಾಗುತ್ತದೆ. ಎರಡರಲ್ಲೂ ಸತ್ಯದ ಅಂಶವಿದೆ, ಆದರೆ ಎಲ್ಲ ಗುಳಿಗೆಗಳನ್ನೂ ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ. ಪ್ಯಾರಸಿಟಮಾಲ್ ಹೇಳಿದ ಪ್ರಮಾಣದಲ್ಲಿ ಬಹುತೇಕರಿಗೆ ಸುರಕ್ಷಿತ. ಅದು ಮಿತಿಮೀರಿದರೆ, ಮದ್ಯದ ಜೊತೆಗೂಡಿದರೆ ಕೆಡುವುದು ಯಕೃತ್ತು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದ್ರೋಗ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಅಪಾಯಕಾರಿ. ಉಳಿದವರಿಗೆ ಊಟದ ಮೇಲೆ, ಕೆಲವು ದಿನಕ್ಕೆ, ವೈದ್ಯರು ಹೇಳಿದಂತೆ ಆಗಬಹುದು. ಟ್ರಮಡಾಲಿನಂಥ ಬಲವಾದ ಔಷಧಿ ಮಲಬದ್ಧತೆ, ತಲೆಸುತ್ತು, ಮಂಪರು ತರುತ್ತದೆ. ಹೆಚ್ಚಾದರೆ ಉಸಿರನ್ನೇ ಮಂದ ಮಾಡುವುದರಿಂದ ಅದು ಕೆಲವೇ ದಿನದ, ವೈದ್ಯರ ಕಣ್ಗಾವಲಿನ ಮಾತು. ಈ ಎಚ್ಚರಿಕೆಗಳ ಎದುರು ಏನೂ ತಿನ್ನದೆ ಹಲ್ಲು ಕಚ್ಚಿ ಸಹಿಸುವುದರಿಂದ ಬರುವ ಅಪಾಯವನ್ನೂ ತೂಗಬೇಕು. ಸಹಿಸಿದ ನೋವು ಮೊಟಕು ಉಸಿರಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಇನ್ನೊಂದು ತಪ್ಪು ನೋವು ಏರಿದಾಗ ಮಾತ್ರ ಗುಳಿಗೆ ನುಂಗುವುದು, ಇಲ್ಲವೇ ಊರಿನ ಆರ್‌ಎಂಪಿ ಬಳಿ ದಿನಕ್ಕೊಂದು ಸೂಜಿ ಹಾಕಿಸಿಕೊಳ್ಳುವುದು. ಸೂಜಿಯ ಪರಿಣಾಮ ಕೆಲವು ತಾಸಿಗೆ ಇಳಿಯುತ್ತದೆ, ಆದರೆ ಉಸಿರು ದಿನದ 24 ತಾಸೂ ನಡೆಯಬೇಕು. ಮೊದಲ ಕೆಲವು ದಿನ ಗುಳಿಗೆಯನ್ನು ವೇಳೆಗೆ ಸರಿಯಾಗಿ ತೆಗೆದುಕೊಂಡರೇ ಪ್ರಯೋಜನ.

ಇಷ್ಟಾದ ಮೇಲೂ ಉಳಿಯುವ ಬಲವಾದ ಆಕ್ಷೇಪ ಒಂದಿದೆ. ಊರೂರಲ್ಲಿ ಪಕ್ಕೆಲುಬು ಮುರಿದುಕೊಂಡು, ಆಸ್ಪತ್ರೆಯ ಮುಖ ನೋಡದೆ, ತಿಂಗಳೆರಡು ತಿಂಗಳಲ್ಲಿ ಹೊಲಕ್ಕೆ ಹೋದವರಿದ್ದಾರೆ, ಅವರಿಗೇನಾಯಿತು? ಏನೂ ಆಗಲಿಲ್ಲ, ಮತ್ತು ಅದೇ ಸಹಜ. ಆರೋಗ್ಯವಾಗಿರುವ ಯುವಕರಲ್ಲಿ ಒಂದೆರಡು ಪಕ್ಕೆಲುಬಿನ ಮುರಿತ ಮನೆಯಲ್ಲೇ ವಾಸಿಯಾಗುತ್ತದೆ. ಎಲ್ಲರೂ ಆಸ್ಪತ್ರೆಗೆ ಓಡಬೇಕೆಂಬುದು ಈ ವಾದವಲ್ಲ. ಯಾರು ಓಡಬೇಕು, ಯಾರು ಮನೆಯಲ್ಲಿರಬಹುದು ಎಂದು ಬೇರ್ಪಡಿಸುವ ಅಳತೆಗೋಲು ಬೇಕು. ಮುರಿತದ ಪ್ರಶ್ನೆ ಆ ಕೆಲಸ ಮಾಡುವುದಿಲ್ಲ, ಉಸಿರಿನ ಪ್ರಶ್ನೆ ಮಾಡುತ್ತದೆ. ಏದುಸಿರು, ತುಟಿ ನೀಲಿಯಾಗುವುದು, ಕಫದಲ್ಲಿ ರಕ್ತ, ಎದೆಯ ಚರ್ಮ ಒತ್ತಿದರೆ ಕರಕರ ಎನ್ನುವುದು, ಉಸಿರೆಳೆದಾಗ ಎದೆಯ ಒಂದು ತುಂಡು ಮಾತ್ರ ಒಳಕ್ಕೆ ಹೋಗುವುದು ಇದ್ದರೆ ಒಂದು ಗಳಿಗೆಯೂ ಕಾಯಬಾರದು. ಕೆಳಗಿನ ಪಕ್ಕೆಲುಬುಗಳ ಅಡಿಯಲ್ಲಿ ಎಡಕ್ಕೆ ಗುಲ್ಮ, ಬಲಕ್ಕೆ ಯಕೃತ್ತು ಇವೆ. ಅಲ್ಲಿ ಪೆಟ್ಟು ಬಿದ್ದು ಹೊಟ್ಟೆ ನೋವು, ಹೆಗಲ ತುದಿಯ ನೋವು, ತಲೆಸುತ್ತು, ತಣ್ಣನೆಯ ಬೆವರು ಬಂದರೆ ಒಳಗೆ ರಕ್ತ ಸುರಿಯುತ್ತಿರಬಹುದು. 65 ದಾಟಿದವರು, ಆಸ್ತಮಾ ಅಥವಾ ಬೀಡಿಯಿಂದ ಶ್ವಾಸಕೋಶ ಕೆಟ್ಟವರು, ಕಲ್ಲಿನ ಧೂಳಿನಲ್ಲಿ ವರ್ಷಗಟ್ಟಲೆ ದುಡಿದು ಉಸಿರು ಕುಂದಿದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಮೂರಕ್ಕಿಂತ ಹೆಚ್ಚು ಕಡೆ ಒತ್ತಿದರೆ ನೋಯುವವರು ಲಕ್ಷಣ ಕಾಣದಿದ್ದರೂ ಅದೇ ದಿನ ತೋರಿಸಿಕೊಳ್ಳಬೇಕು. ಮಕ್ಕಳ ಪಕ್ಕೆಲುಬು ಬಾಗುವಂಥದ್ದು. ಅದು ಮುರಿಯದೆಯೂ ಒಳಗಿನ ಶ್ವಾಸಕೋಶ ಜಜ್ಜಿರಬಹುದು, ಮುರಿದಿದ್ದರೆ ಪೆಟ್ಟು ಬಹಳ ಜೋರಾಗಿತ್ತೆಂದೇ ಅರ್ಥ. ಮೊದಲು ಚೆನ್ನಾಗಿದ್ದು ಕೆಲವು ದಿನದ ಬಳಿಕ ಜ್ವರ, ಹಳದಿ ಕಫ, ಹೆಚ್ಚುವ ಏದುಸಿರು ಬಂದರೂ ಮತ್ತೆ ಹೋಗಬೇಕು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಹಲವು ಮನೆಗಳಲ್ಲಿ ಇನ್ನೂ ಇದೆ. ಯಾವಾಗಲೂ 97-98 ಇರುತ್ತಿದ್ದ ಆಕ್ಸಿಜನ್ ಮಟ್ಟ ಅದರಲ್ಲಿ 94ಕ್ಕಿಂತ ಕೆಳಗಿಳಿದರೆ ಅದೇ ಸಾಕಷ್ಟು ಎಚ್ಚರಿಕೆ.

ಎಲ್ಲಿಗೆ ಹೋಗಬೇಕು? ಈ ಮೂರು ಊರುಗಳ ಭೂಗೋಳವನ್ನು ಇತಿಹಾಸವೂ ರೂಪಿಸಿದೆ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಈಗ ಮೂರೂ ತೆಲಂಗಾಣದಲ್ಲಿವೆ; 2016ರಿಂದ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಯಲ್ಲಿ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಆಡಳಿತದ ಗೆರೆ ಬದಲಾದರೂ ದೂರಗಳು ಬದಲಾಗಲಿಲ್ಲ. ಜಹೀರಾಬಾದಿಗೆ ಬೀದರ ಸುಮಾರು 30 ಕಿ.ಮೀ., ಹೈದರಾಬಾದ್ ಅದರ ಮೂರು ಪಟ್ಟಿಗೂ ಹೆಚ್ಚು. ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬ್ರಿಮ್ಸ್ ಇದೆ, ಸಂಗಾರೆಡ್ಡಿಯಲ್ಲಿ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿದೆ, ತಾಂಡೂರಿನವರಿಗೆ ಸೇಡಂ ದಾರಿಯಾಗಿ ಕಲಬುರಗಿಯೂ ಒಂದು ಆಯ್ಕೆ. ಎಲ್ಲಕ್ಕೂ ಮೊದಲು ಮೂರೂ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಎದೆಯ ಎಕ್ಸ್‌ರೇ, ಆಕ್ಸಿಜನ್, ನೋವಿಗೆ ಔಷಧಿ, ಬೇಕಿದ್ದರೆ ಮುಂದಕ್ಕೆ ಕಳಿಸುವ ನಿರ್ಧಾರ, ಈ ಮೊದಲ ಹೆಜ್ಜೆಗಳಿಗೆ ಹೈದರಾಬಾದ್ ಬೇಕಿಲ್ಲ. ಏದುಸಿರಿನ ರೋಗಿಯನ್ನು ದೊಡ್ಡ ಊರಿಗೆಂದು ಜೀಪಿನಲ್ಲಿ ಕೂರಿಸಿ ನೂರು ಕಿ.ಮೀ. ಹೊಡೆಸುವುದಕ್ಕಿಂತ, 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಯಲ್ಲಿ ಉಸಿರನ್ನು ಸ್ಥಿರಪಡಿಸಿಕೊಂಡು ಮುಂದೆ ಹೋಗುವುದು ಲೇಸು.

ದುಡ್ಡಿನ ಚಿಂತೆಯೂ ಸಣ್ಣದಲ್ಲ. ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿ 2023ರ ಡಿಸೆಂಬರ್‌ನಲ್ಲಿ 10 ಲಕ್ಷ ರೂಪಾಯಿಗೆ ಏರಿತು. ಆದರೆ ಗಡಿ ದಾಟಿದ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ನಡೆಯುತ್ತದೆಯೇ ಎಂದು ದಾಖಲಾಗುವಾಗಲೇ ಕೇಳಿಕೊಳ್ಳಬೇಕು. ವಾಹನ ಅಪಘಾತವಾದರೆ, 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಇದೆ. ಪೊಲೀಸ್ ಕೇಸಿನ ಕಾರಣಕ್ಕೆ ತುರ್ತು ಚಿಕಿತ್ಸೆ ತಡಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಇನ್ನು ಭಾಷೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ದಖ್ಖನಿ ಆಡುವ ಸೀಮೆಯಲ್ಲಿ ನೋವಿನ ಬಗೆಯನ್ನು ವೈದ್ಯರಿಗೆ ಬಿಡಿಸಿ ಹೇಳುವುದು ಎಷ್ಟೋ ಸಲ ಕಷ್ಟ. ಉಸಿರಿನ ಪರೀಕ್ಷೆಗೆ ದುಭಾಷಿ ಬೇಕಿಲ್ಲ: ದೊಡ್ಡ ಉಸಿರೆಳೆದು ತೋರಿಸಿ, ಕೆಮ್ಮಲು ಯತ್ನಿಸಿ, ಎಲ್ಲಿ ತಡೆಯುತ್ತದೆ ಎಂದು ಬೆರಳಿಟ್ಟು ತೋರಿಸಿದರೆ ವೈದ್ಯರಿಗೆ ಅರ್ಧ ಸಂಗತಿ ತಿಳಿಯುತ್ತದೆ. ಪೆಟ್ಟು ಬಿದ್ದದ್ದು ಯಾವಾಗ, ಹೇಗೆ, ಯಾವ ಮಾತ್ರೆ ಎಷ್ಟು ತಿಂದಿದ್ದೀರಿ ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ದರೆ ಉಳಿದರ್ಧ.

ಆಸ್ಪತ್ರೆಯಲ್ಲಿ ಕಟ್ಟೂ ಕಟ್ಟಲಿಲ್ಲ, ಆಪರೇಶನ್ನೂ ಮಾಡಲಿಲ್ಲ, ಗುಳಿಗೆ ಕೊಟ್ಟು ಕಳಿಸಿದರು. ಇದಕ್ಕೆ ಹೋಗಬೇಕಿತ್ತೇ ಎಂದು ಗೊಣಗುವವರಿಗೆ ಉತ್ತರ ಇಷ್ಟೇ: ಅಲ್ಲಿ ನಡೆದ ಮುಖ್ಯ ಕೆಲಸ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡದ್ದು. ಅಪಾಯವಿದ್ದವರಿಗೆ ಮಾಡುವ ಕೆಲಸ ಬೇರೆ. ಗಾಳಿ ಅಥವಾ ರಕ್ತ ನಿಂತಿದ್ದರೆ ಎದೆಗೆ ನಳಿಕೆ ಹಾಕುತ್ತಾರೆ. ಗುಳಿಗೆಗೆ ಬಗ್ಗದ ನೋವಿಗೆ ನರವನ್ನೇ ಮರಗಟ್ಟಿಸುತ್ತಾರೆ. ಬೆನ್ನಿನ ಸ್ನಾಯುವಿನ ಅಡಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಅರಿವಳಿಕೆ ಮದ್ದು ಬಿಡುವ ವಿಧಾನವೊಂದು 2016ರಲ್ಲಿ ವರದಿಯಾಗಿ ಬೇಗನೆ ಹಬ್ಬಿತು. ಎಪಿಡ್ಯೂರಲ್‌ಗಿಂತ ಸರಳವಾದ್ದರಿಂದ ಅರಿವಳಿಕೆ ತಜ್ಞರಿರುವ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲೂ ಅದು ಸಾಧ್ಯ. ಎದೆಗೋಡೆ ಸಡಿಲಗೊಂಡ ಕೆಲವರಿಗೆ ಪಟ್ಟಿ ಹಾಕಿ ಎಲುಬನ್ನು ಜೋಡಿಸುವುದೂ ಉಂಟು, ಅದು ದೊಡ್ಡ ಕೇಂದ್ರಗಳ ಕೆಲಸ.

ಮನೆಗೆ ಕಳಿಸಿದ ಮೇಲೆ ಚಿಕಿತ್ಸೆ ರೋಗಿಯ ಕೈಯಲ್ಲಿದೆ. ಹಾಸಿಗೆಯಲ್ಲಿ ಮಲಗಿ ವಿಶ್ರಾಂತಿ ಎಂಬುದು ಒಳ್ಳೆಯ ಮನಸ್ಸಿನ ಕೆಟ್ಟ ಸಲಹೆ; ಅಂಗಾತ ಮಲಗಿದರೆ ವಪೆ ಮೇಲಕ್ಕೆ ಸರಿದು ಶ್ವಾಸಕೋಶದ ತಳ ಒತ್ತಿಹೋಗುತ್ತದೆ. ಬೆನ್ನಿಗೆ ದಿಂಬು ಒರಗಿಸಿ ಅರೆಕೂತು ಮಲಗಬೇಕು, ಹಗಲು ಕೂರಬೇಕು, ಅಂಗಳದಲ್ಲಿ ನಡೆಯಬೇಕು. ಎಚ್ಚರವಿರುವಾಗ ತಾಸಿಗೊಮ್ಮೆ ಹತ್ತು ಸಲ ನಿಧಾನವಾಗಿ ಆಳಕ್ಕೆ ಉಸಿರೆಳೆದು ಕೆಲವು ಕ್ಷಣ ಹಿಡಿದು ಬಿಡಬೇಕು, ಬಳಿಕ ದಿಂಬು ಒತ್ತಿಕೊಂಡು ಕೆಮ್ಮಬೇಕು. ಗುಳಿಗೆಯ ಪರಿಣಾಮ ಏರಿದ ವೇಳೆಯಲ್ಲಿ ಇದನ್ನು ಮಾಡುವುದು ಸುಲಭ. ಮೂರು ಚೆಂಡಿನ ಸ್ಪೈರೋಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಅಭ್ಯಾಸ ನಿಲ್ಲಬಾರದು. ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ನೋವು ತಗ್ಗಿಸುತ್ತದೆ. ಮುರಿದಿರಬಹುದಾದ ಎಲುಬಿನ ಮೇಲೆ ಮಾಲೀಶು ಬೇಡ. ಬೀಡಿ ಬೇಡವೇ ಬೇಡ. ಭಾರ ಎತ್ತುವ ಕೆಲಸಕ್ಕೆ 6 ವಾರ ರಜೆ ಬೇಕು. ದಿನಗೂಲಿಯವರಿಗೆ ಇದು ಕಠಿಣ ಎಂಬುದು ನಿಜ, ಹಾಗಾಗಿಯೇ ಇದು ಗಣಿ ಮಾಲೀಕರು ಮತ್ತು ಗುತ್ತಿಗೆದಾರರಿಗೂ ಸಂಬಂಧಿಸಿದ ಮಾತು: ಪೆಟ್ಟು ತಿಂದವನಿಂದ ವಾರದೊಳಗೆ ಕಲ್ಲು ಎತ್ತಿಸಿದರೆ ಗುಣವಾಗುವುದು ತಡವಾಗುತ್ತದೆ. ನೋವು ಪೂರ್ತಿ ಹೋಗಲು ಕೆಲವರಿಗೆ 3 ತಿಂಗಳೂ ಬೇಕು. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಗಾಬರಿ ಬೇಡ. ಪೆಟ್ಟೇ ಇಲ್ಲದೆ, ಬರೀ ಕೆಮ್ಮಿದ್ದಕ್ಕೇ ಎಲುಬು ಮುರಿದರೆ, ಅಥವಾ ರಾತ್ರಿ ಹೆಚ್ಚುವ, ತೂಕ ಇಳಿಸುವ ನೋವಿದ್ದರೆ, ಎಲುಬು ಟೊಳ್ಳಾಗುವ ಕಾಯಿಲೆ, ಕ್ಷಯ, ಕ್ಯಾನ್ಸರ್ ಇತ್ಯಾದಿಗಳನ್ನು ಪರೀಕ್ಷಿಸಬೇಕಾಗುತ್ತದೆ.

ಪಕ್ಕೆಗೆ ಪೆಟ್ಟು ಬಿದ್ದವರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ನೆಟ್ಟಗೆ ಕೂರಿಸಿ, ದೊಡ್ಡ ಉಸಿರೆಳೆದು ಕೆಮ್ಮಲು ಹೇಳಿ. ಅದು ಆಗುತ್ತಿದ್ದರೆ ವೇಳೆಗೆ ಸರಿಯಾಗಿ ಔಷಧಿ ಕೊಡಿ, ತಾಸಿಗೊಮ್ಮೆ ಉಸಿರಿನ ಅಭ್ಯಾಸ ಮಾಡಿಸಿ, ಒಂದು ವಾರ ಕಣ್ಣಿಟ್ಟಿರಿ. ಆಗದಿದ್ದರೆ, ಅಥವಾ ಅವರ ವಯಸ್ಸು 65 ದಾಟಿದ್ದರೆ, ಕಟ್ಟು ಕಟ್ಟಿಸಲು ಹೋಗದೆ ಅದೇ ದಿನ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.